ಬಿಚ್ಚಿಟ್ಟ ಗಾರ್ಡ್: ಪವರ್ ಪ್ರೆಸ್ ಮುಂದೆ ಸುರಕ್ಷತಾ ನಿಯಮ ಎಲ್ಲಿ ಜಾರುತ್ತದೆ, ಹೇಗೆ ನಿಲ್ಲುತ್ತದೆ

ಪೀಣ್ಯ, ಕಾಮಾಕ್ಷಿಪಾಳ್ಯ, ಲಗ್ಗೆರೆ, ಬೊಮ್ಮಸಂದ್ರ, ಜಿಗಣಿ. ಬೆಂಗಳೂರಿನ ಯಾವ ಕೈಗಾರಿಕಾ ಪ್ರದೇಶಕ್ಕೆ ಕಾಲಿಟ್ಟರೂ ಶೀಟ್ ಮೆಟಲ್ ಕೆಲಸದ ಘಟಕಗಳು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತವೆ. ವಾಷರ್, ಬ್ರಾಕೆಟ್, ಸ್ವಿಚ್‌ನೊಳಗಿನ ಟರ್ಮಿನಲ್, ಮೋಟಾರಿನ ಸ್ಟ್ಯಾಂಪಿಂಗ್, ಬೈಕಿನ ಕ್ಲಾಂಪ್ ಎಲ್ಲವೂ ಹುಟ್ಟುವುದು ಪವರ್ ಪ್ರೆಸ್‌ನಲ್ಲಿ, ಅಂದರೆ ಲೋಹದ ಹಾಳೆಯನ್ನು ಜೋರಾಗಿ ಒತ್ತಿ ಕತ್ತರಿಸುವ, ಬಗ್ಗಿಸುವ ಯಂತ್ರದಲ್ಲಿ. ಕಾರ್ಮಿಕರ ಬೆರಳು ಹೋಗುವುದೂ ಬಹುಮಟ್ಟಿಗೆ ಅಲ್ಲಿಯೇ.

ಹಲವು ಪ್ರೆಸ್‌ಗಳಿಗೆ ಗಾರ್ಡ್, ಅಂದರೆ ಕೈ ಒಳಗೆ ಹೋಗದಂತೆ ತಡೆಯುವ ಕಾವಲು, ಇರುತ್ತದೆ. ಆದರೆ ಅದು ಯಂತ್ರದ ಮೇಲಿರುವುದಿಲ್ಲ, ಪಕ್ಕದ ಗೋಡೆಗೆ ಒರಗಿರುತ್ತದೆ. ಕಾರ್ಮಿಕನ ಅಸಡ್ಡೆ ಎಂದು ಮಾಲೀಕರೂ, ಮಾಲೀಕರ ದುರಾಸೆ ಎಂದು ಕಾರ್ಮಿಕರೂ ಹೇಳುತ್ತಾರೆ. ಎರಡರಲ್ಲೂ ಸ್ವಲ್ಪ ಸತ್ಯವಿದ್ದರೂ ಮೂಲ ಕಾರಣ ಬೇರೆ: ಕೈ ಡೈ (ಶೀಟಿಗೆ ಆಕಾರ ಕೊಡುವ ಅಚ್ಚು) ಒಳಗೆ ಹೋಗಲೇಬೇಕು ಎನ್ನುವಂತೆ ಕೆಲಸವನ್ನು ಜೋಡಿಸಿಟ್ಟು, ಆಮೇಲೆ ಕೈ ಹೋಗದಂತೆ ಗಾರ್ಡ್ ಹಾಕುತ್ತೇವೆ. ಆ ಗಾರ್ಡ್ ಒಂದು ವಾರವೂ ನಿಲ್ಲುವುದಿಲ್ಲ. ಸುರಕ್ಷತಾ ನಿಯಮ ಕಾಗದದಿಂದ ಶಾಪ್ ಫ್ಲೋರಿಗೆ ಇಳಿಯುವಾಗ ಏನಾಗುತ್ತದೆ ಎಂದು ತಿಳಿಯಲು ಈ ಒಂದು ಯಂತ್ರವನ್ನು ಸರಿಯಾಗಿ ನೋಡಿದರೆ ಸಾಕು.

ನಿಯಮದಲ್ಲಿ ಏನಿದೆ

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಯಂತ್ರಗಳಿಗೆ ಕಾವಲು ಹಾಕುವ ಬಗ್ಗೆ. ಅಪಾಯಕಾರಿ ಭಾಗಗಳಿಗೆ ಗಟ್ಟಿಮುಟ್ಟಾದ ಕಾವಲು ಇರಬೇಕು, ಆ ಭಾಗ ಚಲಿಸುವಾಗ ಅಥವಾ ಬಳಕೆಯಲ್ಲಿರುವಾಗ ಕಾವಲು ಅದರ ಜಾಗದಲ್ಲೇ ಇರಬೇಕು, ಅದನ್ನು ಸದಾ ಸುಸ್ಥಿತಿಯಲ್ಲಿಡಬೇಕು. ಬಲ ತುಂಬಿಟ್ಟುಕೊಂಡು ತಿರುಗುವ ಭಾರಿ ಚಕ್ರವಾದ ಫ್ಲೈವೀಲ್ ಎಲ್ಲಿದ್ದರೂ ಮುಚ್ಚಲೇಬೇಕು. 22ನೇ ಸೆಕ್ಷನ್ ಚಾಲನೆಯಲ್ಲಿರುವ ಯಂತ್ರದ ಬಳಿ ಮಾಡುವ ಕೆಲಸದ ಬಗ್ಗೆ. 23ನೆಯದರಂತೆ ಹದಿಹರೆಯದವರನ್ನು ತರಬೇತಿ ಮತ್ತು ಮೇಲ್ವಿಚಾರಣೆ ಇಲ್ಲದೆ ಅಪಾಯಕಾರಿ ಯಂತ್ರದ ಮುಂದೆ ಕೂರಿಸುವಂತಿಲ್ಲ. ಇವುಗಳ ವಿವರ ರಾಜ್ಯದ 1969ರ ಕಾರ್ಖಾನೆ ನಿಯಮಗಳಲ್ಲಿದೆ.

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದದ್ದು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ. ಕಾಯ್ದೆಯೊಳಗೇ ಇದ್ದ ಯಂತ್ರವಾರು ವಿವರಗಳನ್ನು ಸಂಹಿತೆ ನಿಯಮ ಮತ್ತು ಮಾನದಂಡಗಳಿಗೆ ಬಿಟ್ಟಿದೆ. ಅಪಾಯವಿಲ್ಲದ ಕೆಲಸದ ಸ್ಥಳ ಒದಗಿಸುವುದು ಮಾಲೀಕರ ಹೊಣೆ ಎಂಬ ಮೂಲಸೂತ್ರ ಬದಲಾಗಿಲ್ಲ.

ಓದಲು ಎಲ್ಲ ಸ್ಪಷ್ಟವಾಗಿದೆ. ಆದರೆ "ಕಾವಲು ಇರಬೇಕು" ಎಂಬ ಮಾತು ಯಾವ ಪ್ರೆಸ್‌ಗೆ ಯಾವ ಕಾವಲು ಹೊಂದುತ್ತದೆ ಎಂದು ಹೇಳುವುದಿಲ್ಲ. ಅದು ತಿಳಿಯದೆ ದುಡ್ಡು ಸುರಿದವರು ಅನೇಕರಿದ್ದಾರೆ.

ಮೊದಲು ಕ್ಲಚ್ ನೋಡಿ

ಸಣ್ಣ ಘಟಕಗಳಲ್ಲಿ ಹೆಚ್ಚಾಗಿ ಕಾಣುವುದು ಸಿ ಆಕಾರದ ಫ್ರೇಮಿನ ಮೆಕ್ಯಾನಿಕಲ್ ಪ್ರೆಸ್. ಮೋಟಾರು ಫ್ಲೈವೀಲನ್ನು ಬಿಡದೆ ತಿರುಗಿಸುತ್ತಿರುತ್ತದೆ. ಆಪರೇಟರ್ ಪೆಡಲ್ ತುಳಿದಾಗ ಒಂದು ಕೀ ಅಥವಾ ಪಿನ್ ಹೊರಳಿ ಫ್ಲೈವೀಲನ್ನು ಕ್ರ್ಯಾಂಕ್ ಶಾಫ್ಟಿಗೆ ಕಚ್ಚಿಸುತ್ತದೆ. ಶಾಫ್ಟ್ ಒಂದು ಸುತ್ತು ತಿರುಗುತ್ತದೆ, ರ‍್ಯಾಮ್ (ಮೇಲಿನ ಡೈ ಹೊತ್ತ ಭಾಗ) ಕೆಳಗೆ ಬಂದು ಮೇಲೆ ಹೋಗುತ್ತದೆ, ಮೇಲ್ತುದಿಯಲ್ಲಿ ಒಂದು ತಡೆ ಕೀಯನ್ನು ಬಿಡಿಸುತ್ತದೆ, ಬ್ಯಾಂಡ್ ಬ್ರೇಕ್ ಶಾಫ್ಟನ್ನು ಹಿಡಿದು ನಿಲ್ಲಿಸುತ್ತದೆ.

ಇದರಲ್ಲಿ ಅರ್ಥ ಮಾಡಿಕೊಳ್ಳಬೇಕಾದ ಸಂಗತಿ ಒಂದೇ. ಕೀ ಒಮ್ಮೆ ಕಚ್ಚಿದ ಮೇಲೆ ಸುತ್ತು ಮುಗಿಯುವವರೆಗೆ ಆ ಪ್ರೆಸ್ಸನ್ನು ಯಾರೂ ನಿಲ್ಲಿಸಲಾಗದು. ಪೆಡಲಿನಿಂದ ಕಾಲು ತೆಗೆದರೂ ನಿಲ್ಲದು, ಕೆಂಪು ಬಟನ್ ಒತ್ತಿದರೂ ನಿಲ್ಲದು. ಮೋಟಾರಿಗೆ ಕರೆಂಟ್ ಕಡಿದರೂ ಫ್ಲೈವೀಲಿನಲ್ಲಿ ತುಂಬಿರುವ ಬಲ ರ‍್ಯಾಮನ್ನು ಕೆಳಗಿಳಿಸುತ್ತದೆ.

ಆದ್ದರಿಂದ ಕೀ ಕ್ಲಚ್ ಪ್ರೆಸ್‌ಗೆ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಗುರುತಿಸುವ ಬೆಳಕಿನ ಕಿರಣಗಳ ತೆರೆ) ಹಾಕುವುದು ವ್ಯರ್ಥ, ಅದಕ್ಕಿಂತ ಹೆಚ್ಚಾಗಿ ಅಪಾಯ. ಕೈ ಅಡ್ಡ ಬಂದದ್ದನ್ನು ಸೆನ್ಸರ್ ಕಂಡರೂ ನಿಲ್ಲಿಸಲು ಯಂತ್ರದಲ್ಲಿ ವ್ಯವಸ್ಥೆಯೇ ಇಲ್ಲ. ಲೈಟ್ ಇದೆ ಎಂಬ ಧೈರ್ಯಕ್ಕೆ ಆಪರೇಟರ್ ಇನ್ನೂ ಆಳಕ್ಕೆ ಕೈ ಹಾಕುತ್ತಾನೆ. ಆಡಿಟ್ ಬರುತ್ತದೆ ಎಂದು ಅವಸರದಲ್ಲಿ ಹಾಕಿಸಿದ ಲೈಟ್ ಕರ್ಟನ್ ಇಂಥ ಪ್ರೆಸ್ ಮೇಲಿದ್ದರೆ ಅದನ್ನು ತೆಗೆದು ಲೋಹದ ಗಾರ್ಡ್ ಹಾಕುವುದೇ ಸರಿ.

ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಚಾಲೂ ಆಗುವ ಎರಡು ಕೈಯ ಬಟನ್ ಕಥೆಯೂ ಹಾಗೆಯೇ, ಲೆಕ್ಕ ಹಾಕಿದರೆ ತಿಳಿಯುತ್ತದೆ. ಕೈಯ ವೇಗ ಸೆಕೆಂಡಿಗೆ ಸುಮಾರು 1.6 ಮೀಟರ್ ಎಂದು ಅಮೆರಿಕದ ಪ್ರೆಸ್ ನಿಯಮ ಹಿಡಿಯುತ್ತದೆ. ಕೀ ಕಚ್ಚಲು ಫ್ಲೈವೀಲಿನಲ್ಲಿ ಒಂದೇ ಜಾಗವಿದ್ದರೆ, ಬಟನ್ ಒತ್ತಿದ ಮೇಲೆ ಆ ಜಾಗ ಬರಲು ಇಡೀ ಒಂದು ಸುತ್ತು ಬೇಕಾಗಬಹುದು. ಅಲ್ಲಿಂದ ರ‍್ಯಾಮ್ ಕೆಳಗೆ ಮುಟ್ಟಲು ಇನ್ನರ್ಧ ಸುತ್ತು. ನಿಮಿಷಕ್ಕೆ 60 ಸ್ಟ್ರೋಕಿನ ಪ್ರೆಸ್‌ನಲ್ಲಿ ಒಂದು ಸುತ್ತಿಗೆ 1 ಸೆಕೆಂಡ್, ಹಾಗಾಗಿ ಒಟ್ಟು 1.5 ಸೆಕೆಂಡ್. ಅಷ್ಟರಲ್ಲಿ ಬಟನ್ ಬಿಟ್ಟ ಕೈ 2.4 ಮೀಟರ್ ಸಾಗಬಲ್ಲದು. ಅಂದರೆ ಬಟನ್ ಡೈನಿಂದ 2.4 ಮೀಟರ್ ದೂರ ಇರಬೇಕು. ಕಚ್ಚುವ ಜಾಗ ಎರಡಿದ್ದರೂ 1.6 ಮೀಟರ್. ಕೂತು ಕೆಲಸ ಮಾಡುವವನಿಗೆ ಅಷ್ಟು ದೂರದ ಬಟನ್ ಆಗದ ಮಾತು. ಡೈ ಕೂರುವ ಮೇಜಿನಂಥ ಬೋಲ್ಸ್ಟರಿನ ಪಕ್ಕದಲ್ಲೇ ಎರಡು ಬಟನ್ ಕೂರಿಸಿದ ಕೀ ಕ್ಲಚ್ ಪ್ರೆಸ್ ನೋಡಿದರೆ ಈ ಲೆಕ್ಕ ನೆನಪಿಗೆ ಬರಬೇಕು.

ಏರ್‌ನಿಂದ ಕೆಲಸ ಮಾಡುವ ಫ್ರಿಕ್ಷನ್ ಕ್ಲಚ್ ಪ್ರೆಸ್ ಬೇರೆ ಜಾತಿ. ಅದನ್ನು ಸ್ಟ್ರೋಕಿನ ಮಧ್ಯದಲ್ಲೂ ನಿಲ್ಲಿಸಬಹುದು, ಆದ್ದರಿಂದ ಲೈಟ್ ಕರ್ಟನ್ ಅದಕ್ಕೆ ಹೊಂದುತ್ತದೆ. ಆದರೆ ಎಲ್ಲಿ ಕೂರಿಸಬೇಕು ಎಂಬುದಕ್ಕೂ ಲೆಕ್ಕವಿದೆ. ಕಿರಣಗಳು ಒತ್ತೊತ್ತಾಗಿದ್ದು 14 ಮಿಮೀ ವಸ್ತುವನ್ನು ಗುರುತಿಸುವ ಕರ್ಟನ್‌ಗೆ, ಐಎಸ್‌ಒ 13855 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ನಿಲ್ಲಲು ಬೇಕಾದ ಒಟ್ಟು ಸಮಯವನ್ನು ಸೆಕೆಂಡಿಗೆ 2000 ಮಿಮೀಯಿಂದ ಗುಣಿಸಬೇಕು. ಪ್ರೆಸ್, ರಿಲೇ, ಕರ್ಟನ್ ಎಲ್ಲ ಸೇರಿ 0.2 ಸೆಕೆಂಡ್ ಆದರೆ ದೂರ 400 ಮಿಮೀ. ಬ್ರೇಕ್ ಲೈನಿಂಗ್ ಸವೆದು ಅದೇ ಸಮಯ 0.25ಕ್ಕೆ ಏರಿದರೆ ಬೇಕಾದದ್ದು 500 ಮಿಮೀ, ಕರ್ಟನ್ ಮಾತ್ರ ಇನ್ನೂ 400ರಲ್ಲೇ ಇದೆ. ಆ 100 ಮಿಮೀ ಯಾರ ಕಣ್ಣಿಗೂ ಕಾಣದು. ನಿಲ್ಲುವ ಸಮಯವನ್ನು ಬ್ರೇಕ್ ಕೆಲಸ ಮಾಡಿಸಿದಾಗಲೆಲ್ಲ, ಹಾಗೂ ನಿಗದಿತ ಅವಧಿಗೊಮ್ಮೆ, ಅಳೆಸಿ ಬರೆದಿಡಬೇಕು.

ಗಾರ್ಡ್ ಬಿಚ್ಚುವವನ ಲೆಕ್ಕ

ಒಂದು ಪ್ರೆಸ್‌ಗೆ ಶಿಫ್ಟಿನಲ್ಲಿ 6000 ಪೀಸ್ ಗುರಿ ಎಂದಿಟ್ಟುಕೊಳ್ಳಿ. ಊಟ, ಟೀ ಕಳೆದು ಕೈಗೆ ಸಿಗುವುದು 7 ಗಂಟೆ, ಅಂದರೆ 25,200 ಸೆಕೆಂಡ್. ಪೀಸಿಗೆ 4.2 ಸೆಕೆಂಡ್. ಶೀಟಿನ ತುಂಡನ್ನು ಕೈಯಲ್ಲಿ ಡೈ ಮೇಲಿಡಬೇಕು, ಪೆಡಲ್ ತುಳಿಯಬೇಕು, ಆದ ಪೀಸನ್ನು ಕೈಯಲ್ಲೇ ಎತ್ತಿ ಟ್ರೇಗೆ ಹಾಕಬೇಕು. ಈಗ ಮುಂದೆ ಎತ್ತಿ ಇಳಿಸುವ ಗಾರ್ಡ್ ಹಾಕಿ, ಪ್ರತಿ ಪೀಸಿಗೆ 1 ಸೆಕೆಂಡ್ ಹೆಚ್ಚಾಯಿತು. ದಿನದ ಪೀಸು 4,846ಕ್ಕೆ ಇಳಿಯಿತು. ಪೀಸ್ ರೇಟಿನಲ್ಲಿದ್ದರೆ ಅಷ್ಟು ಕೂಲಿ ಖೋತಾ, ದಿನಗೂಲಿಯಾದರೆ ಸೂಪರ್‌ವೈಸರನ ಬೈಗುಳ. ಮಧ್ಯಾಹ್ನದೊಳಗೆ ಸ್ಪ್ಯಾನರ್ ಹುಡುಕಿಕೊಂಡು ಬರುತ್ತಾರೆ.

ಅದೇ ಪ್ರೆಸ್‌ನಲ್ಲಿ ಇನ್ನೊಂದು ರೀತಿ ಮಾಡಬಹುದು. ಡೈ ಮುಂದೆ ಒಂದು ಇಳಿಜಾರು ಚ್ಯೂಟ್, ತುಂಡನ್ನು ಹೊರಗಿನಿಂದಲೇ ತಳ್ಳಿದರೆ ಸ್ಟಾಪರ್‌ವರೆಗೆ ಹೋಗಿ ಕೂರುತ್ತದೆ. ಪ್ರೆಸ್ಸನ್ನು ಹಿಂದಕ್ಕೆ ವಾಲಿಸಿದೆ, ಆದ ಪೀಸು ಸ್ಪ್ರಿಂಗ್ ಎಜೆಕ್ಟರಿನಿಂದ ಎದ್ದು ತನ್ನ ತೂಕಕ್ಕೆ ತಾನೇ ಹಿಂದಿನ ಟ್ರೇಗೆ ಜಾರುತ್ತದೆ. ಕೈ ಒಳಗೆ ಹೋಗುವ ಕೆಲಸವೇ ಉಳಿಯಲಿಲ್ಲ. ಪೀಸಿಗೆ 1 ಸೆಕೆಂಡ್ ಉಳಿದರೆ ಅದೇ ಶಿಫ್ಟಿನಲ್ಲಿ 7,875 ಪೀಸ್. ಈಗ ಸುತ್ತಲೂ ಕಾಯಂ ಗಾರ್ಡ್ ಬಿಗಿದರೂ ಯಾರಿಗೂ ಅದನ್ನು ಬಿಚ್ಚುವ ಕಾರಣವಿಲ್ಲ. ಗಾರ್ಡಿಗಿಂತ ಮೊದಲು ಪೀಸ್ ಒಳಗೆ ಹೋಗುವ ಮತ್ತು ಹೊರಗೆ ಬರುವ ದಾರಿ ಸರಿ ಮಾಡಿ ಎಂದು ಒತ್ತಿ ಹೇಳುವುದು ಇದಕ್ಕೇ. ಹಲವು ಸಿ ಫ್ರೇಮ್ ಪ್ರೆಸ್‌ಗಳಲ್ಲಿ ಹಿಂದಕ್ಕೆ ವಾಲಿಸುವ ಅನುಕೂಲ ತಯಾರಿಕೆಯಲ್ಲೇ ಇರುತ್ತದೆ. ಎಷ್ಟೋ ಘಟಕಗಳಲ್ಲಿ ಆ ಬೋಲ್ಟನ್ನು ಒಮ್ಮೆಯೂ ಸಡಿಲಿಸಿರುವುದಿಲ್ಲ.

ಪೀಸ್ ಹಾರಿಸಲು ಏರ್ ಜೆಟ್ ಬಳಸುವವರಿದ್ದಾರೆ. ಕೆಲಸ ಮಾಡುತ್ತದೆ, ಆದರೆ ಶಬ್ದ ವಿಪರೀತ. ಪ್ರೆಸ್ ಶಾಪ್‌ನಲ್ಲಿ 90 ಡೆಸಿಬೆಲ್ ದಾಟುವುದು ಮೊದಲೇ ಸುಲಭ. 8 ಗಂಟೆಗೆ 90 ಮಿತಿಯಾದರೆ, 95ಕ್ಕೆ 4 ಗಂಟೆ, 100ಕ್ಕೆ ಬರೀ 2 ಗಂಟೆ. ಶಬ್ದ ಕಡಿಮೆ ಮಾಡುವ ನಾಜಲ್ ಹಾಕಿ, ಸ್ಟ್ರೋಕಿನ ಸರಿಯಾದ ಘಳಿಗೆಯಲ್ಲಿ ಮಾತ್ರ ಗಾಳಿ ಬಿಡುವಂತೆ ವಾಲ್ವನ್ನು ಕ್ಯಾಮಿಗೆ ಜೋಡಿಸಬೇಕು.

ಕೈಯಿಂದಲೇ ಇಡಬೇಕಾದ ಕೆಲಸಗಳು ಇದ್ದೇ ಇರುತ್ತವೆ, ಬೆಂಡ್ ಆದ ಪೀಸಿಗೆ ಎರಡನೇ ಆಪರೇಷನ್ ಮಾಡುವಂಥವು. ಅಲ್ಲಿ ಮ್ಯಾಗ್ನೆಟ್ ಹಿಡಿ, ಇಕ್ಕಳ, ವ್ಯಾಕ್ಯೂಮ್ ಕಪ್ ಬೇಕು. ಇಕ್ಕಳ ಅಲ್ಯೂಮಿನಿಯಂನಂಥ ಮೆತ್ತನೆಯ ಲೋಹದ್ದಾಗಿರಲಿ. ಗಟ್ಟಿ ಉಕ್ಕಿನ ಇಕ್ಕಳ ಡೈ ನಡುವೆ ಸಿಕ್ಕಿದರೆ ಡೈ ಒಡೆಯುತ್ತದೆ, ಆ ಭಯಕ್ಕೆ ಆಪರೇಟರ್ ಇಕ್ಕಳ ಬಿಟ್ಟು ಬೆರಳು ಬಳಸುತ್ತಾನೆ. ಇದು ಗಾರ್ಡಿಗೆ ಬದಲಿಯಲ್ಲ, ಗಾರ್ಡಿನ ಜೊತೆಗಿನ ಎರಡನೇ ರಕ್ಷಣೆ.

ಗಾರ್ಡಿನ ಸಂದಿ ಎಷ್ಟಿರಬೇಕು ಎಂಬುದು ಊಹೆಗೆ ಬಿಡುವ ವಿಷಯವಲ್ಲ. ಐಎಸ್‌ಒ 13857ರ ಪಟ್ಟಿ ಸಂದಿಗೂ ಅಪಾಯದ ಜಾಗಕ್ಕಿರುವ ದೂರಕ್ಕೂ ಸಂಬಂಧ ಕಟ್ಟುತ್ತದೆ. ಸೀಳಿನಂಥ ಸಂದಿ 6 ಮಿಮೀವರೆಗಿದ್ದರೆ ಡೈನಿಂದ ಕನಿಷ್ಠ 10 ಮಿಮೀ ದೂರ. 8 ಮಿಮೀವರೆಗೆ 20. 10ಕ್ಕೆ 80, 12ಕ್ಕೆ 100, 20ಕ್ಕೆ 120 ಮಿಮೀ. 20 ದಾಟಿದರೆ ಉದ್ದನೆಯ ಸೀಳಿಗೆ ದೂರ ಒಮ್ಮೆಲೇ 850ಕ್ಕೆ ಜಿಗಿಯುತ್ತದೆ, ಏಕೆಂದರೆ ಅಲ್ಲಿಂದಾಚೆಗೆ ಇಡೀ ತೋಳು ನುಗ್ಗಬಲ್ಲದು. 25 ಮಿಮೀ ಸಂದಿ ಬಿಟ್ಟು ಡೈಗೆ ಅಂಟಿಕೊಂಡಂತೆ ಹಾಕಿದ ಜಾಲರಿ ನೋಡಲು ಮಾತ್ರ ಗಾರ್ಡ್. ಒಳಗಿನ ಕೆಲಸ ಕಾಣದಿದ್ದರೂ ಆಪರೇಟರ್ ಅದನ್ನು ತೆಗೆದೇ ತೆಗೆಯುತ್ತಾನೆ. ಪಾಲಿಕಾರ್ಬೊನೇಟ್ ಹಾಳೆ ಅಥವಾ ನೆಟ್ಟನೆಯ ಸರಳುಗಳಿಂದ ಮಾಡಿದ, ಕಪ್ಪು ಬಣ್ಣ ಬಳಿದ ಗಾರ್ಡ್ ಕಣ್ಣಿಗೆ ಅಡ್ಡವಾಗುವುದಿಲ್ಲ. ಹಳದಿ ಬಣ್ಣದ ಸರಳು ಹೊಳೆದು ಕಣ್ಣು ದಣಿಸುತ್ತದೆ.

ಬಹಳ ಜನ ಮರೆಯುವ ಇನ್ನೊಂದು ಉಪಾಯವಿದೆ. ರ‍್ಯಾಮ್ ಪೂರ್ತಿ ಮೇಲಿದ್ದಾಗಲೂ ತೂತು ಹೊಡೆಯುವ ಪಂಚ್‌ಗೂ ಶೀಟನ್ನು ಅದರಿಂದ ಬಿಡಿಸುವ ಸ್ಟ್ರಿಪ್ಪರ್‌ಗೂ ನಡುವೆ 6 ಮಿಮೀ ಮೀರಿದ ಸಂದಿಯೇ ಇಲ್ಲದಂತೆ ಸ್ಟ್ರೋಕ್ ಕಡಿಮೆ ಮಾಡಿದರೆ ಬೆರಳು ಒಳಗೆ ಹೋಗಲು ಜಾಗವೇ ಇಲ್ಲ. 1 ಮಿಮೀ ಶೀಟಿನಲ್ಲಿ ತೂತು ಹೊಡೆಯಲು ಉದ್ದನೆಯ ಸ್ಟ್ರೋಕ್ ಏಕೆ ಬೇಕು? ಸ್ಟ್ರೋಕ್ ಬದಲಿಸಬಹುದಾದ ಪ್ರೆಸ್‌ನಲ್ಲಿ ಇದಕ್ಕೆ ಹೊಸ ಸಾಮಾನೇನೂ ಬೇಕಿಲ್ಲ, ಡೈ ಕೂರಿಸುವ ಸೆಟ್ಟರ್‌ಗೆ ಸಮಯ ಕೊಟ್ಟರೆ ಸಾಕು.

ಡಬಲ್ ಸ್ಟ್ರೋಕ್

ಪೆಡಲ್ ಒಮ್ಮೆ ತುಳಿದರೆ ರ‍್ಯಾಮ್ ಎರಡು ಸಲ ಇಳಿಯುವುದಕ್ಕೆ ಶಾಪ್‌ಗಳಲ್ಲಿ ಡಬಲ್ ಸ್ಟ್ರೋಕ್ ಎನ್ನುತ್ತಾರೆ. ಒಂದು ಏಟಾಯಿತು ಎಂದು ಆಪರೇಟರ್ ಪೀಸ್ ತೆಗೆಯಲು ಕೈ ಹಾಕಿರುತ್ತಾನೆ, ಆಗಲೇ ಎರಡನೆಯದು ಬೀಳುತ್ತದೆ. ಎಷ್ಟು ಅನುಭವವಿದ್ದರೂ, ಎಷ್ಟು ಎಚ್ಚರವಿದ್ದರೂ ಇದರಿಂದ ತಪ್ಪಿಸಿಕೊಳ್ಳಲಾಗದು.

ಕಾರಣಗಳು ಹೆಚ್ಚೇನಿಲ್ಲ. ಕೀಯ ಅಂಚು ಸವೆದು ದುಂಡಗಾಗಿರುತ್ತದೆ. ಕೀ ಬಿಡಿಸುವ ತಡೆಯ ಮೂತಿ ಸವೆದಿರುತ್ತದೆ. ಟ್ರಿಗರಿನ ಅಥವಾ ಪೆಡಲಿನ ಸ್ಪ್ರಿಂಗ್ ಬಲ ಕಳೆದುಕೊಂಡಿರುತ್ತದೆ ಇಲ್ಲವೇ ತುಂಡಾಗಿ ಅದರ ಜಾಗದಲ್ಲಿ ಸೈಕಲ್ ಟ್ಯೂಬಿನ ತುಂಡು ಕಟ್ಟಿರುತ್ತಾರೆ. ಬ್ಯಾಂಡ್ ಬ್ರೇಕಿನ ಲೈನಿಂಗಿಗೆ ಎಣ್ಣೆ ಹಿಡಿದು, ಶಾಫ್ಟ್ ಮೇಲ್ತುದಿಯಲ್ಲಿ ನಿಲ್ಲದೆ ಮುಂದಕ್ಕೆ ಜಾರುತ್ತದೆ. ಈ ಕೊನೆಯದಕ್ಕೆ ಮುನ್ಸೂಚನೆ ಇದೆ: ರ‍್ಯಾಮ್ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲದೆ ದಿನದಿಂದ ದಿನಕ್ಕೆ ಕೆಳಕೆಳಗೆ ನಿಲ್ಲತೊಡಗುತ್ತದೆ. ಕ್ರ್ಯಾಂಕಿನ ಪಕ್ಕ ಫ್ರೇಮಿನ ಮೇಲೆ ಒಂದು ಗೆರೆ, ಶಾಫ್ಟ್ ಮೇಲೆ ಒಂದು ಗೆರೆ ಎಳೆದಿಟ್ಟರೆ ಹೊಸ ಹೆಲ್ಪರ್‌ಗೂ ಇದು ಕಾಣುತ್ತದೆ.

ಬೆಳಗ್ಗೆ ಡೈಯಲ್ಲಿ ಏನೂ ಇಡದೆ, ಕೈ ದೂರವಿಟ್ಟು, ಹತ್ತು ಹನ್ನೆರಡು ಸಲ ಪೆಡಲ್ ತುಳಿದು ಬಿಟ್ಟು ನೋಡಬೇಕು. ಒಮ್ಮೆ ಡಬಲ್ ಹೊಡೆದರೂ ಆ ಪ್ರೆಸ್ ಅಂದು ಬಂದ್. "ಇನ್ನೂರು ಪೀಸ್ ಉಳಿದಿದೆ, ಮುಗಿಸಿಬಿಡಿ" ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಪೀಣ್ಯದಲ್ಲಿ ಆಯುಧಪೂಜೆಗೆ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ತೊಳೆದು, ಎಣ್ಣೆ ಜಿಡ್ಡು ಒರೆಸಿ, ಅರಿಶಿನ ಕುಂಕುಮ ಹಚ್ಚುತ್ತಾರೆ. ವರ್ಷದಲ್ಲಿ ಒಮ್ಮೆ ಎಲ್ಲ ಪ್ರೆಸ್‌ಗಳೂ ಒಟ್ಟಿಗೆ ಖಾಲಿ ಸಿಗುವ ದಿನ ಅದು. ಹಿಂದಿನ ದಿನವೇ ಕೀ ಹೊರತೆಗೆದು ಅಂಚು ನೋಡಿ, ಬ್ಯಾಂಡ್ ಬಿಚ್ಚಿ ಲೈನಿಂಗ್ ನೋಡಿಬಿಟ್ಟರೆ ಪೂಜೆಗೂ ಅರ್ಥ ಬರುತ್ತದೆ. ಅದರ ಜೊತೆಗೆ ವರ್ಷದ ನಡುವೆಯೂ ಪ್ರತಿ ತಿಂಗಳು ಒಮ್ಮೆ ನೋಡಲೇಬೇಕು.

ಪೆಡಲಿನ ಮೇಲೆ ತಗಡಿನ ಮುಚ್ಚಳ ಹಾಕಿ, ಪಕ್ಕಗಳನ್ನೂ ಮುಚ್ಚಿ. ಟ್ರೇಯಿಂದ ಒಂದು ಪೀಸ್ ಜಾರಿ ಪೆಡಲ್ ಮೇಲೆ ಬಿದ್ದರೂ ರ‍್ಯಾಮ್ ಇಳಿಯುತ್ತದೆ.

ಡೈ ಕೂರಿಸುವಾಗ, ಕರೆಂಟ್ ಬಂದಾಗ

ಗಾರ್ಡ್ ತೆಗೆಯಲೇಬೇಕಾದ ಕೆಲಸ ಡೈ ಸೆಟ್ಟಿಂಗ್. ಕ್ರಮ ಹೀಗಿರಲಿ: ಮೋಟಾರ್ ಆಫ್ ಮಾಡಿ ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿ ಸೆಟ್ಟರ್ ಜೇಬಿನಲ್ಲಿರಬೇಕು. ಆಮೇಲೆ ಫ್ಲೈವೀಲ್ ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಈ ಕಾಯುವಿಕೆಯನ್ನೇ ಎಲ್ಲರೂ ಬಿಡುವುದು. ಸ್ವಿಚ್ ಆಫ್ ಆಗಿದ್ದರೂ ತಿರುಗುತ್ತಿರುವ ಫ್ಲೈವೀಲಿನಲ್ಲಿ ಇನ್ನೊಂದು ಸ್ಟ್ರೋಕಿಗೆ ಸಾಕಾಗುವಷ್ಟು ಬಲವಿರುತ್ತದೆ. ನಿಂತ ಮೇಲೆ ರ‍್ಯಾಮ್‌ಗೂ ಬೋಲ್ಸ್ಟರ್‌ಗೂ ನಡುವೆ ಸೇಫ್ಟಿ ಬ್ಲಾಕ್ ಇಡಬೇಕು. ಬ್ಲಾಕಿಗೆ ಪ್ಲಗ್ ಕಟ್ಟಿ, ಬ್ಲಾಕ್ ತನ್ನ ಗೂಡಿನಲ್ಲಿದ್ದಾಗ ಮಾತ್ರ ಮೋಟಾರಿಗೆ ಕರೆಂಟ್ ಸಿಗುವಂತೆ ಮಾಡಿದರೆ ಮರೆತು ಚಾಲೂ ಮಾಡುವ ಭಯವಿಲ್ಲ. ಶಾಫ್ಟ್ ತಿರುಗಿಸಲು ಫ್ಲೈವೀಲಿಗೆ ಹಾಕಿದ ರಾಡನ್ನು ಅಲ್ಲೇ ಬಿಟ್ಟು ಮೋಟಾರ್ ಹಾಕಿದರೆ ಅದು ಈಟಿಯಂತೆ ಹಾರುತ್ತದೆ. ಕೈ ಬಿಟ್ಟರೆ ತಾನೇ ಹೊರಗೆ ಬೀಳುವಂತೆ ತುದಿಯಲ್ಲಿ ಸ್ಪ್ರಿಂಗ್ ಇರುವ ರಾಡ್ ಮಾಡಿಸಿಕೊಳ್ಳಬೇಕು.

ಕರೆಂಟ್ ಹೋದಾಗ ಆಪರೇಟರ್ ಎದ್ದು ಡೈ ಒರೆಸಲು ಕೈ ಹಾಕುವುದು ಸಹಜ. ಮೋಟಾರಿಗೆ ಬರಿಯ ಮೇನ್ ಸ್ವಿಚ್ ಇದ್ದರೆ, ಕರೆಂಟ್ ಬಂದ ಕೂಡಲೇ ಮೋಟಾರ್ ತಾನಾಗಿ ಚಾಲೂ ಆಗುತ್ತದೆ. ಡಿಒಎಲ್ ಸ್ಟಾರ್ಟರ್ (ಮೋಟಾರ್ ಚಾಲೂ ಮಾಡುವ ಬಟನ್ ಪೆಟ್ಟಿಗೆ) ಇದ್ದರೆ ಅದರ ನೋ ವೋಲ್ಟ್ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಹಸಿರು ಬಟನ್ ಮತ್ತೆ ಒತ್ತುವವರೆಗೆ ಮೋಟಾರ್ ತಿರುಗದು. ಕಾಯಿಲ್ ಸುಟ್ಟಾಗ "ಸದ್ಯಕ್ಕೆ ಡೈರೆಕ್ಟ್ ಕೊಡಿ" ಎಂದು ಎಲೆಕ್ಟ್ರಿಷಿಯನ್‌ಗೆ ಹೇಳುವುದು ಈ ರಕ್ಷಣೆಯನ್ನೇ ಕಿತ್ತುಹಾಕಿದಂತೆ.

ಏರ್ ಕ್ಲಚ್ ಪ್ರೆಸ್‌ನ ಎರಡು ಕೈಯ ಬಟನ್‌ಗಳ ನಡುವೆ ಒಂದೇ ಕೈ ಚಾಚಿ ಒತ್ತಲಾಗದಂತೆ ಕನಿಷ್ಠ 260 ಮಿಮೀ ಅಂತರವಿರಬೇಕು. ಅಂಗೈ ಮತ್ತು ಮೊಣಕೈಯಿಂದ ಒತ್ತುವುದನ್ನೂ ತಪ್ಪಿಸಲು 550 ಮಿಮೀ ಬೇಕು. ಎರಡೂ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಿದರೆ ಮಾತ್ರ ಸ್ಟ್ರೋಕ್, ಎರಡನ್ನೂ ಬಿಟ್ಟ ಮೇಲಷ್ಟೇ ಮುಂದಿನದು. ಇದನ್ನು ನೋಡಿಕೊಳ್ಳುವ ರಿಲೇ ಇಲ್ಲದಿದ್ದರೆ ಒಂದು ಬಟನ್‌ಗೆ ನಾಣ್ಯ ಸಿಕ್ಕಿಸಿ ಟೇಪ್ ಸುತ್ತುವುದಕ್ಕೆ ಎಷ್ಟು ಹೊತ್ತೂ ಬೇಡ. ಇನ್ನೂ ಒಂದು ಮಿತಿ: ಬಟನ್ ಕಾಯುವುದು ಒತ್ತುವವನ ಕೈಯನ್ನು ಮಾತ್ರ, ಎದುರಿನಿಂದ ಪೀಸ್ ತೆಗೆಯುವ ಹೆಲ್ಪರ್‌ಗೆ ಅದರಿಂದ ಏನೂ ಸಿಗದು.

ಬೋರ್ಡ್ ಮೇಲಿನ ತಪ್ಪು ನಿಯಮ

"ಗ್ಲೌಸ್ ಧರಿಸಿ" ಎಂದು ಎಲ್ಲ ಯಂತ್ರಕ್ಕೂ ಒಂದೇ ಬೋರ್ಡ್ ಅಂಟಿಸುವವರಿದ್ದಾರೆ. ಶೀಟ್ ಹೊರುವವನಿಗೆ ಅದು ಸರಿ. ಡ್ರಿಲ್ಲಿಂಗ್ ಮಷಿನ್ ಮತ್ತು ಲೇತ್ ಮುಂದೆ ಅದೇ ಗ್ಲೌಸ್ ಕೈಯನ್ನೇ ಸುತ್ತಿಕೊಂಡು ಎಳೆಯುತ್ತದೆ. ತಿರುಗುವ ಯಂತ್ರದ ಬಳಿ ಗ್ಲೌಸ್, ಸಡಿಲ ತೋಳು, ದುಪಟ್ಟಾ, ಬಿಟ್ಟ ಜಡೆ, ಕೊರಳಿನ ಟವೆಲ್ ಯಾವುದೂ ಬೇಡ. ಸುರುಳಿ ಸುರುಳಿಯಾಗಿ ಬರುವ ಚಿಪ್ಸನ್ನು ಕೊಕ್ಕೆಯಿಂದ ಎಳೆಯಬೇಕು.

ಬೆಂಚ್ ಗ್ರೈಂಡರಿನಲ್ಲಿ ಪೀಸ್ ಒರಗಿಸುವ ಟೂಲ್ ರೆಸ್ಟ್ ಮತ್ತು ವೀಲ್ ನಡುವೆ 3 ಮಿಮೀ ಮೀರಬಾರದು, ಗಾರ್ಡಿನ ಮೇಲಿನ ನಾಲಿಗೆಗೂ ವೀಲಿಗೂ ನಡುವೆ 6 ಮಿಮೀ. ವೀಲ್ ಸವೆದಂತೆ ಸಂದಿ ಬೆಳೆಯುತ್ತದೆ, ಪೀಸ್ ಆ ಸಂದಿಗೆ ಸಿಕ್ಕಿ ವೀಲ್ ಒಡೆಯುತ್ತದೆ. ಹ್ಯಾಂಡ್ ಗ್ರೈಂಡರಿನ ಗಾರ್ಡ್ ತೆಗೆದು ದೊಡ್ಡ ವೀಲ್ ಹಾಕುವುದು ಇನ್ನೂ ಕೆಟ್ಟದ್ದು. 11,000 ಆರ್‌ಪಿಎಂ ತಿರುಗುವ ಸಣ್ಣ ಗ್ರೈಂಡರಿಗೆ 7 ಇಂಚಿನ ವೀಲ್ ಹಾಕಿದರೆ ಅಂಚಿನ ವೇಗ ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಅಂಥ ವೀಲಿನ ಮೇಲೆ ಮುದ್ರಿಸಿರುವ ಮಿತಿ 80 ಮೀಟರ್.

ಪ್ಲೇಟಿಂಗ್ ಘಟಕಗಳ ಸಂಪ್ ಮತ್ತು ತ್ಯಾಜ್ಯನೀರಿನ ಟ್ಯಾಂಕಿನ ಬಗ್ಗೆ ಒಂದು ಮಾತು. ಸಯನೈಡ್ ದ್ರಾವಣಕ್ಕೆ ಆಮ್ಲ ಸೇರಿದರೆ ಹುಟ್ಟುವ ಅನಿಲ ಕೊಲ್ಲುತ್ತದೆ, ಎರಡರ ಚರಂಡಿಯೂ ಬೇರೆ ಬೇರೆ ಇರಬೇಕು. ಟ್ಯಾಂಕಿಗೆ ಇಳಿಯುವ ಮೊದಲು ಆಮ್ಲಜನಕ 19.5 ಶೇಕಡಕ್ಕಿಂತ ಕಡಿಮೆಯಿಲ್ಲವೆಂದೂ ವಿಷಾನಿಲವಿಲ್ಲವೆಂದೂ ಮೀಟರಿನಲ್ಲಿ ನೋಡಿ, ಬ್ಲೋವರ್ ಹಾಕಿ, ಸೊಂಟದ ಬೆಲ್ಟಿಗೆ ಹಗ್ಗ ಕಟ್ಟಿ, ಮೇಲೊಬ್ಬ ಕಾವಲಿರಬೇಕು. ಒಳಗಿನ ದೀಪ 24 ವೋಲ್ಟ್ ಮೀರಬಾರದು. ಒಳಗೆ ಬಿದ್ದವನನ್ನು ನೋಡಿ ಹಾಗೆಯೇ ಧುಮುಕಿದವನೂ ಉಳಿಯುವುದಿಲ್ಲ.

ಯಾರಿಗೆ ಅನ್ವಯ, ಯಾರು ನೋಡುತ್ತಾರೆ

ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಜಾಗದಲ್ಲಿ 10 ಜನ, ಬಳಸದ ಕಡೆ 20 ಜನ ಇದ್ದರೆ ಕಾರ್ಖಾನೆ. ಹೊಸ ಸಂಹಿತೆಯಲ್ಲಿ ಅದು 20 ಮತ್ತು 40. ಆದರೆ 10 ಜನರಿದ್ದರೆ ಅದು ಸಂಹಿತೆಯ ಲೆಕ್ಕದಲ್ಲಿ ಸಂಸ್ಥೆಯೇ, ಮಾಲೀಕರ ಮೂಲ ಕರ್ತವ್ಯ ತಪ್ಪುವುದಿಲ್ಲ. ಕಾಂಟ್ರಾಕ್ಟರ್ ಕಡೆಯಿಂದ ಬಂದವರೂ ಈ ಎಣಿಕೆಯಲ್ಲಿ ಸೇರುತ್ತಾರೆ. ಸುರಕ್ಷತಾ ಅಧಿಕಾರಿ ಬೇಕಾಗಿದ್ದ ಮಿತಿ 1000 ಕಾರ್ಮಿಕರಿಂದ 500ಕ್ಕೆ ಇಳಿದಿದೆ, ಅಪಾಯಕಾರಿ ಪ್ರಕ್ರಿಯೆಯಿದ್ದರೆ 250. ಇದು ಒಳ್ಳೆಯ ಹೆಜ್ಜೆ. ಆದರೆ ಹದಿನೈದು ಜನರ ಪ್ರೆಸ್ ಶಾಪ್‌ಗೆ ಇದರಿಂದ ಯಾರೂ ಸಿಗುವುದಿಲ್ಲ, ಬೆರಳು ಹೋಗುವುದು ಅಲ್ಲಿಯೇ ಹೆಚ್ಚು ಸಂಭವ. ಅಂಥ ಹತ್ತಿಪ್ಪತ್ತು ಘಟಕಗಳು ಸೇರಿ ತಿಳಿದ ಒಬ್ಬರನ್ನು ವಾರಕ್ಕೊಂದು ದಿನದಂತೆ ಹಂಚಿಕೊಳ್ಳುವುದು ಪೀಣ್ಯದಂಥ ಒತ್ತೊತ್ತಾದ ಪ್ರದೇಶದಲ್ಲಿ ಕಷ್ಟವಲ್ಲ.

ರಾಜ್ಯದಲ್ಲಿ ಈ ಹೊಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು, ಕೇಂದ್ರ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಇನ್‌ಸ್ಪೆಕ್ಟರ್ ಬಂದ ದಿನ ಗಾರ್ಡ್ ಹಾಕಿ ಹೋದ ಮೇಲೆ ಬಿಚ್ಚುವುದು ಸುಲಭ. ಆದರೆ ಗಾರ್ಡಿನ ಬೋಲ್ಟ್ ತಲೆಗಳ ಮೇಲಿನ ಹೊಸ ಗೀರು, ಡೈ ಸುತ್ತಲಿನ ಬಣ್ಣದ ಸವೆತ ನೋಡಿದರೆ ಅದು ದಿನವೂ ಅಲ್ಲೇ ಇರುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಕೆಲಸದ ಅವಧಿಯನ್ನೂ ಗಮನಿಸಬೇಕು. ಕರ್ನಾಟಕ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೂ ಕೆಲಸ ಮಾಡಿಸಲು ದಾರಿ ಮಾಡಿತು. ಕೈಯಿಂದ ಪೀಸ್ ಇಡುವ ಪ್ರೆಸ್ ಮುಂದೆ 12 ಗಂಟೆ ಕೂರಿಸಬಾರದು. ಎರಡು ಗಂಟೆಗೊಮ್ಮೆ ಆಪರೇಟರನ್ನು ಬೇರೆ ಕೆಲಸಕ್ಕೆ ಬದಲಿಸಿ. ತರಬೇತಿ ಅವರ ಭಾಷೆಯಲ್ಲಿ ನಡೆಯಲಿ. ರಾಯಚೂರು, ಯಾದಗಿರಿಯವರ ಪಕ್ಕದಲ್ಲಿ ಒಡಿಶಾ, ಬಿಹಾರದವರು ಕೂತಿರುವ ಶಾಪ್‌ನಲ್ಲಿ ಗೋಡೆಯ ಬರಹಕ್ಕಿಂತ ಪ್ರೆಸ್ ಪಕ್ಕ ನಿಂತು ತೋರಿಸಿದ್ದು ನಿಲ್ಲುತ್ತದೆ.

ಬೆರಳು ಹೋದ ಮೇಲೆ

ಗಾಯವನ್ನು ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ, ಕೈ ಎತ್ತಿ ಹಿಡಿಯಬೇಕು. ತುಂಡಾದ ಬೆರಳನ್ನು ಒದ್ದೆ ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ, ನೀರು ನುಗ್ಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿಡಬೇಕು. ಐಸ್ ನೇರವಾಗಿ ಬೆರಳಿಗೆ ತಗುಲಿದರೆ ಜೋಡಿಸಲು ಬಾರದಂತೆ ಕೆಡುತ್ತದೆ. ಮೈಕ್ರೋ ಸರ್ಜರಿ ಇರುವ ಆಸ್ಪತ್ರೆ ಯಾವುದೆಂದು ಮೊದಲೇ ತಿಳಿದು ಫೋನ್ ನಂಬರ್ ಪ್ರೆಸ್ ಶಾಪಿನ ಗೋಡೆಯ ಮೇಲೆ ಬರೆದಿಡಿ. ಅಪಘಾತದ ಹೊತ್ತಿನಲ್ಲಿ ಹುಡುಕಲು ಸಮಯವಿರದು.

ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇದೆ. ಮಾಲೀಕರ ಪಾಲು 3.25 ಶೇಕಡ, ಕಾರ್ಮಿಕರದು 0.75. ಕೆಲಸದಲ್ಲಿ ಆದ ಗಾಯಕ್ಕೆ ಇಷ್ಟು ತಿಂಗಳು ಕಟ್ಟಿರಬೇಕೆಂಬ ಷರತ್ತಿಲ್ಲ, ಗುಣವಾಗುವವರೆಗೆ ಕೂಲಿಯ 90 ಶೇಕಡ ಸಿಗುತ್ತದೆ. ಆದ್ದರಿಂದ ಸೇರಿದ ದಿನವೇ ನೋಂದಣಿ ಮಾಡಿಸಬೇಕು. "ಒಂದು ತಿಂಗಳು ನಿಲ್ಲುತ್ತಾನೋ ನೋಡೋಣ" ಎಂದು ಬಿಟ್ಟ ಹೊಸ ಹುಡುಗನೇ ಪ್ರೆಸ್ ಬಗ್ಗೆ ಎಲ್ಲರಿಗಿಂತ ಕಡಿಮೆ ತಿಳಿದವನು. ಶಾಶ್ವತ ನಷ್ಟಕ್ಕೆ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ ಪಟ್ಟಿ ಇಡೀ ಹೆಬ್ಬೆರಳಿಗೆ 30 ಶೇಕಡ, ಇಡೀ ತೋರುಬೆರಳಿಗೆ 14, ಅದರ ಒಂದು ಗೆಣ್ಣಿಗೆ 9, ಮೂಳೆ ಹೋಗದೆ ತುದಿ ಮಾತ್ರ ಹೋದರೆ 5 ಶೇಕಡ ಗಳಿಕೆಯ ಶಕ್ತಿ ಕುಂದಿತು ಎಂದು ಎಣಿಸುತ್ತಿತ್ತು. ಲೇತ್ ಹಿಡಿಯುವವನಿಗೂ ಬರೆಯುವ ಕೆಲಸದವನಿಗೂ ಪಟ್ಟಿಯ ಅಂಕೆ ಒಂದೇ ಆಗಿತ್ತು.

48 ಗಂಟೆ ಕೆಲಸಕ್ಕೆ ಬಾರದಂತೆ ಗಾಯವಾದರೆ ಇಲಾಖೆಗೆ ತಿಳಿಸಬೇಕೆಂದು ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಆ ವರದಿಯ "ಕಾರಣ" ಎಂಬ ಕಾಲಮಿನಲ್ಲಿ ಬಹುತೇಕ ಕಾಣುವ ಬರಹ ಕಾರ್ಮಿಕನ ಅಜಾಗರೂಕತೆ. ಹಾಗೆ ಬರೆದು ಮುಗಿಸಿದರೆ ಮುಂದಿನ ಶಿಫ್ಟಿನಲ್ಲಿ ಅದೇ ಪ್ರೆಸ್ ಮುಂದೆ ಇನ್ನೊಬ್ಬ ಕೂರುತ್ತಾನೆ. ಅದರ ಬದಲು ಪ್ರೆಸ್ಸನ್ನು ಹಾಗೇ ನಿಲ್ಲಿಸಿ, ಏನನ್ನೂ ಮುಟ್ಟದೆ ಫೋಟೊ ತೆಗೆದು, ಕಾಲಮಿನಲ್ಲಿ ಇವಿಷ್ಟು ಬರೆಯಬೇಕು: ಕ್ಲಚ್ ಯಾವ ಬಗೆಯದು, ಕೀ ಕೊನೆಗೆ ಬದಲಿಸಿದ್ದು ಯಾವಾಗ, ಸ್ಪ್ರಿಂಗ್ ಮತ್ತು ಬ್ರೇಕ್ ಯಾವ ಸ್ಥಿತಿಯಲ್ಲಿದ್ದವು, ಗಾರ್ಡ್ ಎಲ್ಲಿತ್ತು, ಆ ಹೊತ್ತಿನಲ್ಲಿ ಕೈ ಡೈ ಒಳಗೆ ಯಾವ ಕೆಲಸಕ್ಕೆ ಹೋಗಿತ್ತು.